ಜಪಾನವ್ವನ ಪೂರ್ವಾಶ್ರಮ

ಪೂರ್ವರೂಪಕ ಯಂತ್ರ ಕೆಲಸ ಶುರು ಮಾಡಿ ಹತ್ತು ನಿಮಿಷವಾಗಿರಲಿಲ್ಲ, ಕಾರಿನ ಮೈಮೇಲಿದ್ದ ತುಕ್ಕು ಕೆಂಪು ಹಬೆಯಾಗಿ ಎದ್ದು ಯಂತ್ರದ ಸೊಂಡಿಲೊಳಗೆ ಮಾಯವಾಯಿತು. ತಂತಿಯ ಬಲೆಯೊಂದು ಕಾರನ್ನು ಮದುಮಗಳ ಮುಸುಕಿನಂತೆ ಮುಚ್ಚಿಕೊಂಡು ಸಣ್ಣಗೆ ಗುಂಯ್‌ಗುಡುತ್ತಿತ್ತು. ಇರಬಸಪ್ಪ ಉಳ್ಳಾಗಡ್ಡಿ ಎದೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತ. ಐವತ್ತೆರಡು ವರ್ಷದ ಐಟಿಐ ಫಿಟ್ಟರ್ ಮಾಸ್ತರನ ಕಣ್ಣಲ್ಲಿ ನೀರು ಬರುವುದೊಂದು ಬಾಕಿಯಿತ್ತು.

ಹುಬ್ಬಳ್ಳಿಯ ಆ ಓಣಿಯಲ್ಲಿ ಕಾರಿಗೆ ಜಪಾನವ್ವ ಎಂದೇ ಹೆಸರು. ಉದ್ದ ಮೂಗಿನ, ಇಬ್ಬರೇ ಕೂರಬಲ್ಲ, ೧೯೭೨ರ ಜಪಾನಿ ಸ್ಪೋರ್ಟ್ಸ್ ಕಾರು. ಇಪ್ಪತ್ತಾರು ವರ್ಷದ ಹಿಂದೆ ಗುಜರಿಯಿಂದ ಎಳೆದು ತಂದಾಗ ಅದರಲ್ಲಿದ್ದದ್ದು ಎಂಜಿನ್ನು, ಛಾಸಿಯೆಂಬ ಅಡಿಗಟ್ಟು, ನಾಲ್ಕು ಚಕ್ರ, ಒಂದು ಸ್ಟಿಯರಿಂಗು. ಮಿಕ್ಕದ್ದನ್ನು ಇರಬಸಪ್ಪ ಮನೆಯ ಪಡಸಾಲೆಯಲ್ಲೇ ಜೋಡಿಸಿದ. ತಗಡೆಲ್ಲ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, "ಹಡಗಿನಾಗ ಬಂತ್ರಿ, ಸೀದಾ ಜಪಾನಿನಿಂದ" ಎನ್ನುತ್ತಿದ್ದ. ಹಾಗೆ ಹೇಳಿ ಹೇಳಿ, ಬರುಬರುತ್ತ ಅವನ ನೆನಪಿನಲ್ಲೂ ಒಂದು ಹಡಗು ಬಂದು ನಿಂತುಬಿಟ್ಟಿತ್ತು.

ಕ್ರಿ.ಶ. ೨೦೭೧ರಲ್ಲಿ ಪೆಟ್ರೋಲ್ ಕಾರು ರಸ್ತೆಗಿಳಿಯಲು ಉಳಿದಿದ್ದ ದಾರಿ ಒಂದೇ. ಅದರ ಲೋಹದಲ್ಲಿ ನೂರಕ್ಕೆ ತೊಂಬತ್ತು ಪಾಲು ಮೂಲ ಕಾರ್ಖಾನೆಯದ್ದೇ ಆಗಿರಬೇಕು. ಈ ಪ್ರಮಾಣಕ್ಕೆ ಸರ್ಕಾರ 'ಮೂಲಾಂಶ' ಎಂದು ಹೆಸರಿಟ್ಟಿತ್ತು. ಮೂಲಾಂಶ ಕಡಿಮೆಯಾದರೆ ಕಾರು ಕುಲುಮೆಗೆ. ಜಪಾನವ್ವನನ್ನು ಅಳೆಯಲು ಪರೀಕ್ಷಕರು ಇವತ್ತು ಮಧ್ಯಾಹ್ನ ಬರುವವರಿದ್ದರು.

ಮನೆಯೊಳಗೂ ಒಂದು ಗಡುವಿತ್ತು. ಮದುವೆಯಾದ ವರ್ಷ ಇರಬಸಪ್ಪ ಹೆಂಡತಿ ಸಾವಂತ್ರಿಗೆ, "ಮುಂದಿನ ತಿಂಗಳ ನಿನ್ನ ಇದರಾಗ ಉಣಕಲ್ ಕೆರಿಗೆ ಕರಕೊಂಡ ಹೋಗ್ತೇನಿ" ಎಂದಿದ್ದ. ಆ ಮುಂದಿನ ತಿಂಗಳು ಇನ್ನೂ ಬಂದಿರಲಿಲ್ಲ. "ಇವತ್ತ ಓಡಿದ್ರ ಓಡಲಿ," ಎಂದು ಸಾವಂತ್ರಿ ಬೆಳಿಗ್ಗೆ ಚಹಾ ಕೊಡುತ್ತ ಹೇಳಿದ್ದಳು. "ಇಲ್ಲಂದ್ರ ನಾಳೆ ಪಡಸಾಲಿ ನಂದು. ನಾ ಅಲ್ಲಿ ಹಪ್ಪಳಾ ಒಣಗಸಾಕಿ."

ಯಂತ್ರವನ್ನು ತಂದವಳು ಲೋಹವಿಜ್ಞಾನಿ ಡಾ. ದೇಚಮ್ಮ. ಮನೆಬಳಕೆಗೆಂದು ತಯಾರಾದ ಮಾದರಿಯ ಮೊದಲ ಪ್ರಯೋಗ ಇದು. ಯಂತ್ರ ಶುರು ಮಾಡುವ ಮೊದಲು, ಕಟ್ಟೆಯ ಮೇಲೆ ಕೂತಿದ್ದ ಓಣಿಯ ಜನಕ್ಕೆಲ್ಲ ಕೇಳುವಂತೆ ಅವಳು ವಿವರಿಸಿದ್ದಳು.

"ಲೋಹ ಅಂದರೆ ಕೋಟ್ಯಂತರ ಸಣ್ಣ ಹರಳುಗಳು. ಪ್ರತಿ ಪೆಟ್ಟು, ಪ್ರತಿ ಬಾಗು ಆ ಹರಳುಗಳಲ್ಲಿ ಗುರುತು ಬಿಡುತ್ತದೆ. ಅದನ್ನು ನಾವು ಕಣಸ್ಮೃತಿ ಅನ್ನುತ್ತೇವೆ. ಯಂತ್ರ ಆ ಗುರುತುಗಳನ್ನು ಹಿಂದುಮುಂದಾಗಿ ಓದುತ್ತ ಹೋಗುತ್ತದೆ. ತಗಡು ಮೊದಲು ಯಾವ ರೂಪದಲ್ಲಿತ್ತೋ ಆ ರೂಪಕ್ಕೆ ವಾಪಸ್. ಎಲ್ಲಾದರೂ ಕೊರತೆ ಬಿದ್ದರೆ ಈ ಡಬ್ಬಿಯಿಂದ ಲೋಹದ ಪುಡಿ ತುಂಬಿಕೊಳ್ಳುತ್ತದೆ."

"ಅಂದ್ರ ಹೊಸಾದಾಗತೈತಿ," ಎಂದ ಇರಬಸಪ್ಪ.

"ಮೊದಲಿನದಾಗುತ್ತದೆ," ಎಂದಳು ದೇಚಮ್ಮ. "ಗುಂಡಿ ಒತ್ತುವ ಮೊದಲು ಒಂದು ಮಾತು ಸರ್. ಇದರ ಲೋಹ ಎಲ್ಲವೂ ಕಾರಿನದ್ದೇ ತಾನೆ?"

ತಾನೊಬ್ಬನೇ ಇದ್ದಾಗ ಅವಳು ಕೇಳಿದ್ದರೆ ಇರಬಸಪ್ಪ ಕೆಮ್ಮುತ್ತಿದ್ದನೋ ಏನೋ. ಆದರೆ ಎದುರುಮನೆಯ ಬಾಳವ್ವ ಕತ್ತು ಉದ್ದ ಮಾಡಿ ಕೂತಿದ್ದಳು. "ಒಂದೊಂದ ಮೊಳಿನೂ ಜಪಾನಿಂದ," ಎಂದುಬಿಟ್ಟ. ಇಪ್ಪತ್ತಾರು ವರ್ಷ ಕಾರಾಗಿ ನಿಂತ ತಗಡು ಅದಕ್ಕೂ ಹಿಂದಿನ ಕಥೆಯನ್ನು ನೆನಪಿಟ್ಟುಕೊಂಡಿರುತ್ತದೆ ಎಂದು ಅವನಿಗೆ ಅನ್ನಿಸಲಿಲ್ಲ. ಅವನಿಗೇ ಅದು ಮರೆತುಹೋಗಿತ್ತು.

ಈಗ, ತುಕ್ಕು ಹೋದ ಮೇಲೆ, ಮುಂದಿನ ಚಕ್ರದ ಮೇಲ್ಮುಚ್ಚಳದಲ್ಲಿ ಸಾಲಾಗಿ ಚುಕ್ಕೆಗಳು ಮೂಡಿದವು.

"ನೋಡ್ರಿ, ಜಪಾನಿ ಅಕ್ಷರ!" ಎಂದು ಇರಬಸಪ್ಪ ಕೂಗಿದ.

ಬಾಳವ್ವ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡಳು. ಪಾತ್ರೆ ಅಂಗಡಿಯವರು ಉಡುಗೊರೆಯ ಮೇಲೆ ಉಳಿಯಿಂದ ಚುಚ್ಚಿ ಬರೆಯುತ್ತಾರಲ್ಲ, ಅಂಥ ಚುಕ್ಕೆಗಳು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಚಿ. ಸೌ. ಬಾಳವ್ವಳ ಮದುವೆಗೆ, ಸೋದರಮಾವ ಕಮತಗಿಯವರಿಂದ."

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಂದರು.

"ಯಾಕ ಮಾಸ್ತರ, ನನ್ನ ಮದಿವಿಗೆ ಜಪಾನಿನವ್ರೂ ಬಂದಿದ್ರೇನ?" ಎಂದಳು ಬಾಳವ್ವ.

ಅಷ್ಟರಲ್ಲಿ ತಗಡು ಮುಲುಗುಟ್ಟಿ, ಮಡಿಚಿಕೊಂಡು, ದುಂಡಗಾಗಿ, ನಲವತ್ತು ಜನರ ಸಾರು ಕುದಿಯುವಷ್ಟು ದೊಡ್ಡ ಕೊಳಗವಾಗಿ ಕಾರಿನಿಂದ ಕಳಚಿ ಬಿತ್ತು. ಢಣ್ ಎಂದು ಸದ್ದಾಯಿತು.

"ಬಂದ್ ಮಾಡ್ರಿ ಮೇಡಂ! ಬಂದ್ ಮಾಡ್ರಿ!"

"ಆಗೋದಿಲ್ಲ ಸರ್. ನಡುವೆ ನಿಲ್ಲಿಸಿದರೆ ಹರಳುಗಳು ದಿಕ್ಕು ತಪ್ಪುತ್ತವೆ. ಮುಟ್ಟಿದರೆ ಪುಡಿಯಾಗುತ್ತದೆ, ಎಂಜಿನ್ನೂ ಸೇರಿ."

ಎಂಜಿನ್ ಎಂಬ ಮಾತು ಕೇಳಿ ಇರಬಸಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮುಂದೆ ನಡೆದದ್ದನ್ನು ಅವನು ಬೆರಳ ಸಂದಿಯಿಂದ ನೋಡಿದ. ಚಾವಣಿ ಎಂಬುದು ಶಾಲೆಯ ಹೆಡ್‌ಮಾಸ್ತರ ಖಾದರಸಾಹೇಬರ ಏರ್‌ಕೂಲರಿನ ಡಬ್ಬಿಯಾಯಿತು. ಹಿಂದಿನ ಡಿಕ್ಕಿ ಹಿಟ್ಟು ನಾದುವ ಎರಡು ಪರಾತಗಳಾಗಿ ಉರುಳಿತು. ಅವನು ವಾರಗಟ್ಟಲೆ ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದ ಉದ್ದನೆಯ ಬಾನೆಟ್ಟು ಚಪ್ಪಟೆಯಾಗಿ ನೆಟ್ಟಗೆ ನಿಂತು, ಉಬ್ಬಕ್ಷರಗಳಲ್ಲಿ 'ಶ್ರೀ ಶಾರದಾ ಮಹಿಳಾ ಮಂಡಳ' ಎಂದು ಘೋಷಿಸಿತು.

ಬಾಳವ್ವ ತಲೆಯ ಮೇಲೆ ಕೈ ಹೊತ್ತಳು. ಆ ಫಲಕ ಕಳುವಾದ ಮೇಲೆ ಮಂಡಳದ ಹೆಂಗಸರು ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿ, ಮಂಡಳ ಎರಡು ಹೋಳಾಗಿ, ಇವತ್ತಿಗೂ ಒಂದೇ ಓಣಿಯಲ್ಲಿ ಎರಡು ಅರಿಶಿನ ಕುಂಕುಮ ನಡೆಯುತ್ತಿದ್ದವು. "ಆ ಪಾರ್ವತಿ ಕೂಡ ಮಾತ ಬಿಟ್ಟ ಹತ್ತೊಂಬತ್ತ ವರ್ಷ ಆತಲ್ಲೋ ಮಾರಾಯಾ!" ಎಂದು ಅವಳು ಹಲುಬಿದಳು. "ದಿನಾ ಬೆಳಗಾದ್ರ ನಿನ್ನ ಬಾನೆಟ್ ಮ್ಯಾಲೆ ಬೆಕ್ಕ ಕುಂದ್ರತಿತ್ತು. ಬೆಕ್ಕಿಗರೆ ಗೊತ್ತಿತ್ತೋ ಏನೋ!"

ಜನ ನಗುತ್ತಿದ್ದರು, ಬೈಯುತ್ತಿದ್ದರು, ತಂತಮ್ಮ ಸಾಮಾನು ಗುರುತು ಹಿಡಿದು ಎಳೆದುಕೊಳ್ಳುತ್ತಿದ್ದರು. ಇರಬಸಪ್ಪನಿಗೆ ಅದು ಯಾವುದೂ ಕೇಳುತ್ತಿರಲಿಲ್ಲ. ಅವನ ಕಣ್ಣು ಎಡಗಡೆಯ ಬಾಗಿಲ ಮೇಲೆ ನೆಟ್ಟಿತ್ತು. ಬಾಗಿಲು ಇನ್ನೂ ಬಾಗಿಲಾಗಿಯೇ ಇತ್ತು. ಅದೊಂದು ಮರೆತಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

ಬಾಗಿಲು ಮರೆತಿರಲಿಲ್ಲ. ಅದು ನಾಲ್ಕು ಕಡೆ ಮಡಿಚಿಕೊಂಡಿತು, ಮೂಲೆಗಳಿಗೆ ತಗಡಿನ ಪಟ್ಟಿ ಬಂತು, ಮುಂದೆ ಒಂದು ಚಿಲಕ ಮೂಡಿತು. ಸಾವಂತ್ರಿಯ ಕಾಲ ಹತ್ತಿರ ಒಂದು ಟ್ರಂಕು ಕೂತಿತ್ತು.

ಅವಳ ಅಪ್ಪ ಗದಗಿನಲ್ಲಿ ಟ್ರಂಕು ಮಾಡುವವನು. ಕೈಯಾರೆ ಬಡಿದು ಮಾಡಿದ ಕಟ್ಟಕಡೆಯ ಟ್ರಂಕು ಅದು. ಕಿರಿಯ ಮಗಳಿಗೆ ಕೊಟ್ಟಿದ್ದ. ಅಕ್ಕ ಚಂಪಕ್ಕನಿಗೂ ಅದರ ಮೇಲೆ ಆಸೆಯಿತ್ತು. ಮದುವೆಯ ವರ್ಷ, ಚಂಪಕ್ಕ ಗದಗಿನಿಂದ ಬಂದು ನಾಲ್ಕು ದಿನ ಇದ್ದು ಹೋದ ಮೇಲೆ, ಅಟ್ಟದ ಮೇಲಿದ್ದ ಖಾಲಿ ಟ್ರಂಕು ಕಾಣಲಿಲ್ಲ. ಸಾವಂತ್ರಿ ಅಕ್ಕನಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದ್ದಳು. ಅಂದಿನಿಂದ ಅಕ್ಕ ತಂಗಿ ಮಾತಾಡಿರಲಿಲ್ಲ. ನಾಳೆ ಹೇಳೋಣ, ಜಗಳ ತಣ್ಣಗಾದ ಮೇಲೆ ಹೇಳೋಣ ಎಂದು ಇರಬಸಪ್ಪ ಸುಮ್ಮನಿದ್ದ. ತಣ್ಣಗಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಸಾವಂತ್ರಿ ಮುಚ್ಚಳದ ಮೇಲೆ ಕೈಯಾಡಿಸಿದಳು. ಅಪ್ಪನ ಉಳಿಯ ಚುಕ್ಕೆಗಳು: 'ಸಾವಂತ್ರಿ'. ಕೊನೆಯ ಅಕ್ಷರ ಯಾವಾಗಿನಂತೆ ಸ್ವಲ್ಪ ಕೆಳಗೆ ಜಾರಿತ್ತು. ಅವಳು ಟ್ರಂಕಿನ ಮೇಲೆ ಕೂತಳು. ಗಂಡನನ್ನು ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಇರಬಸಪ್ಪನಿಗೆ ಅನ್ನಿಸಿತು.

ಪರೀಕ್ಷಕರು ಬಂದದ್ದು ಈ ಹೊತ್ತಿಗೆ. ಚೀಲದಿಂದ ಮೂಲಾಂಶಮಾಪಕ ತೆಗೆದು, "ಕಾರೆಲ್ಲಿ?" ಎಂದರು.

ಇರಬಸಪ್ಪ ಬೆರಳು ತೋರಿಸಿದ. ಬಲೆಯ ಕೆಳಗೆ ಉಳಿದಿದ್ದದ್ದು ಎಂಜಿನ್ನು, ಅಡಿಗಟ್ಟು, ನಾಲ್ಕು ಚಕ್ರ, ಒಂದು ಸ್ಟಿಯರಿಂಗು. ಎಲ್ಲ ನಿನ್ನೆ ಹುಟ್ಟಿದ ಹಾಗೆ ಹೊಳೆಯುತ್ತಿದ್ದವು. ಅಡಿಗಟ್ಟಿನ ಮೇಲೆ ತುಕ್ಕಿನಡಿ ಹೂತುಹೋಗಿದ್ದ ಒಂದು ಸಾಲು ಎದ್ದುಬಂದಿತ್ತು. ನೂರು ವರ್ಷದ ಹಿಂದೆ ಯಾವನೋ ಜಪಾನಿ ಕೆಲಸಗಾರ ಉಳಿಯಿಂದ ಒಂದೊಂದೇ ಚುಚ್ಚಿ ಬರೆದ ಸಂಖ್ಯೆ. ಜಪಾನವ್ವನಿಗೂ ತವರಿನವರು ಹೆಸರು ಕೊರೆಸಿಯೇ ಕಳಿಸಿದ್ದರು.

ಪರೀಕ್ಷಕರು ಮಾಪಕ ಹಚ್ಚಿದರು. ಇನ್ನೊಮ್ಮೆ ಹಚ್ಚಿದರು. "ನೂರಕ್ಕ ತೊಂಬತ್ತೆಂಟು! ನನ್ನ ಸರ್ವಿಸಿನಾಗ ಇಂಥಾ ಮೂಲಾಂಶ ನೋಡಿಲ್ಲ ನಾ. ತುಗೊಳ್ರಿ, ಪಾಸ್."

"ಆದ್ರ ಸಾಹೇಬ್ರ, ಇದಕ್ಕ ಬಾಗಿಲಾ, ಸೀಟು..."

"ನಮ್ಮ ಕಾಯ್ದೆದಾಗ ಏನೈತಿ ಅದನ್ನ ಅಳಿತೇವಿ. ಏನಿಲ್ಲ ಅದನ್ನ ಅಳಿಯೂದಿಲ್ಲ."

ದೇಚಮ್ಮ ತನ್ನ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದು, ಹೊಡೆದುಹಾಕಿ, ಪೆನ್ನು ಮುಚ್ಚಿದಳು.

ಸಾವಂತ್ರಿ ಎದ್ದಳು. ಟ್ರಂಕನ್ನು ಎತ್ತಿ ಎಡಸೀಟು ಇರಬೇಕಾದ ಜಾಗದಲ್ಲಿ ಅಡಿಗಟ್ಟಿನ ಮೇಲಿಟ್ಟು, ಹಗ್ಗದಿಂದ ಬಿಗಿದು, ಅದರ ಮೇಲೆ ಕೂತಳು. ಪರೀಕ್ಷಕರು ಬಾಯಿ ತೆರೆದರು. "ಇದು ಕಾರ ಅಲ್ರಿ, ಲಗೇಜು," ಎಂದಳು ಅವಳು. ಅವರು ಮಾಪಕವನ್ನು ಚೀಲಕ್ಕೆ ಹಾಕಿಕೊಂಡರು.

"ಉಣಕಲ್ ಕೆರಿಗೆ?" ಎಂದು ಇರಬಸಪ್ಪ ಮೆಲ್ಲಗೆ ಕೇಳಿದ.

"ಗದಗಿಗೆ. ಅಕ್ಕನ ಮುಂದ ನಿಂತು ಬಾಗಿಲಾ ಹೆಂಗ ಮಾಡಿದ್ರಿ ಅಂತ ಹೇಳ್ರಿ. ಊರಾಗೆಲ್ಲಾ ಕಂಡಕಂಡವ್ರಿಗೆ ಹೇಳ್ತೀರಲ್ಲ, ಹಂಗ. ಒಂದ ನಟ್ಟೂ ಬಿಡಬ್ಯಾಡ್ರಿ."

ಅವನು ಸ್ಟಿಯರಿಂಗಿನ ಹಿಂದೆ ಹೋಗಿ ನಿಂತ. ಕೂರಲು ಏನೂ ಇರಲಿಲ್ಲ. ಅತ್ತಿತ್ತ ನೋಡಿದ. ಅವನ ಕಣ್ಣು ಕೊಳಗದ ಮೇಲೆ ಬಿತ್ತು. ಅಲ್ಲಿಂದ ಬಾಳವ್ವನ ಮೇಲೆ.

"ಬಾಳಕ್ಕಾರ..." ಎಂದ. "ನಿಮ್ಮ ಕೊಳಗ... ಸ್ವಲ್ಪ ಕೊಡ್ತೀರೇನ್ರಿ?"

ಇಪ್ಪತ್ತಾರು ವರ್ಷದಲ್ಲಿ ಅವನು ಆ ಓಣಿಯಲ್ಲಿ ಕೇಳಿ ಪಡೆದ ಮೊದಲ ಸಾಮಾನು ಅದು. ಬಾಳವ್ವ ಕೊಳಗವನ್ನು ಬೋರಲು ಹಾಕಿ ತಾನೇ ಅಡಿಗಟ್ಟಿನ ಮೇಲಿಟ್ಟಳು. ಅವನು ಕೂತು ಚಾವಿ ತಿರುಗಿಸಿದ. ಎಂಜಿನ್ನು ಒಂದೇ ಏಟಿಗೆ ಹೊತ್ತಿಕೊಂಡಿತು. ಕಟ್ಟೆಯ ಮೇಲಿನ ಬೆಕ್ಕು ಹಾರಿ ಓಡಿತು. ಬಾಗಿಲಿಲ್ಲದ, ಚಾವಣಿಯಿಲ್ಲದ, ಮೈಯೇ ಇಲ್ಲದ ಜಪಾನವ್ವ ಮೆಲ್ಲಗೆ ಓಣಿಗೆ ಇಳಿಯಿತು.

ಬಾಳವ್ವ ನಾಲ್ಕು ಹೆಜ್ಜೆ ಹಿಂದೆ ಓಡಿಬಂದು ಕೂಗಿ ಹೇಳಿದಳು: "ಮಾಸ್ತರ, ಸಂಜಿಗೆ ವಾಪಸ್ ತರಬೇಕ ಮತ್ತ! ಕೊಳಗಾನ ತರ್ರಿ. ಬಾಗಿಲಾ ಮಾಡಿ ತರಬ್ಯಾಡ್ರಿ!"