ಮೂರು ಗುಲಾಬಿ, ಒಂದು ನೇರಳೆ

ಮೊಂಬತ್ತಿಯ ಪೊಟ್ಟಣ ಬಿಚ್ಚಿದ ಆಶಾರಾಣಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಸರ್, ನಾನು ಹೇಳಿದ್ದೇನು? ಮೂರು ನೇರಳೆ, ಒಂದು ಗುಲಾಬಿ. ನೀವು ತಂದಿರೋದು ಮೂರು ಗುಲಾಬಿ, ಒಂದು ನೇರಳೆ!"

ಕೊರಟಗೆರೆಯ ಚರ್ಚಿನ ಗೇಟಿನ ಬಳಿ ನಿಂತಿದ್ದ ಭೀಮರಾಜು ಮೊಂಬತ್ತಿಗಳನ್ನು ನೋಡಿದ, ಅವಳನ್ನು ನೋಡಿದ, ಕೊನೆಗೆ ತನ್ನ ಚಪ್ಪಲಿ ನೋಡಿಕೊಂಡ. ಮೂರು ವರ್ಷದಿಂದ ಇಬ್ಬರಿಗೂ ಒಂದೇ ಶಾಲೆ, ಒಂದೇ ಸ್ಟಾಫ್ ರೂಮು. ಏಳನೇ ಕ್ಲಾಸಿಗೆ ಗಣಿತ ಹೇಳುವ ಈ ಮನುಷ್ಯನಿಗೆ ನಾಲ್ಕು ಮೊಂಬತ್ತಿ ಎಣಿಸಲು ಬರಲಿಲ್ಲ!

ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಂದು ಆಗಮನ ಕಾಲದ ಮೊದಲ ಭಾನುವಾರ. ಕ್ರಿಸ್‌ಮಸ್‌ವರೆಗೆ ಚರ್ಚಿನಲ್ಲೂ ಮನೆಯಲ್ಲೂ ವಾರಕ್ಕೊಂದು ಮೊಂಬತ್ತಿ: ನೇರಳೆ ಕಾಯುವುದಕ್ಕೆ, ಮೂರನೇ ವಾರದ ಗುಲಾಬಿ ಸಂತೋಷಕ್ಕೆ. ಫಾದರ್ ಮೊದಲನೆಯದನ್ನು ಹಚ್ಚಿದಾಗಲೂ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ತಿಪಟೂರಿನ ಗಂಡಿನ ಕಡೆಯವರಿಗೆ ಅಮ್ಮ ಇಂದು ಸಂಜೆ ಆರಕ್ಕೆ ಉತ್ತರ ಹೇಳಬೇಕು. ಈತ ಬಾಯಿ ಬಿಡುವ ಲಕ್ಷಣವೇ ಇಲ್ಲ.

"ಗಂಡು ಒಪ್ಪಿದ್ದಾನೆ ಅಂತ ಶುಕ್ರವಾರ ಹೇಳಿದ್ರಲ್ಲ, ಅದೇ ತಲೇಲಿ ಕೊರೀತಿತ್ತು," ಎಂದ ಭೀಮರಾಜು. "ಅಂಗಡಿಯೋನು ಯಾವ ಬಣ್ಣ ಅಂದ. ನಾನೇನಂದೆನೋ ನಂಗೇ ಗೊತ್ತಿಲ್ಲ. ಎರಡು ದಿನದಿಂದ ನಿದ್ದೆ ಇಲ್ಲ, ಆಶಾ."

ಇಷ್ಟು ದಿನ ಇದ್ದ 'ಮೇಡಂ' ಎಲ್ಲೋ ಬಿದ್ದುಹೋಗಿತ್ತು. ಅವಳ ಕಿವಿ ಬಿಸಿಯಾಯಿತು.

"ನಿದ್ದೆ ಕೆಟ್ರೆ ಸಾಕಾ? ಬಂದು ಕೇಳ್ಬೇಕು."

"ಹೆಂಗೆ ಕೇಳ್ಲಿ? ನಮ್ಮನೇಲಿ ಬುದ್ಧ, ನಿಮ್ಮನೇಲಿ ಯೇಸು. ಅಮ್ಮ ಒಪ್ತಾರಾ?"

"ಅದನ್ನ ಅಮ್ಮನ್ನೇ ಕೇಳಿ. ಆರು ಗಂಟೆ ಒಳಗೆ."

ಸಂಜೆ ಅವಳು ಸರ್ವೆ ಸೊಪ್ಪನ್ನು ತಟ್ಟೆಯಲ್ಲಿ ದುಂಡಗೆ ಜೋಡಿಸಿ ಮೊಂಬತ್ತಿ ನಿಲ್ಲಿಸಿದಳು. ಒಂದು ವಾಲಿತು, ಮತ್ತೆ ನಿಲ್ಲಿಸಿದಳು. ಗಡಿಯಾರ ನೋಡಿದಳು, ಬಾಗಿಲು ನೋಡಿದಳು. ಮೊದಲ ಮೊಂಬತ್ತಿಯನ್ನು ಅಪ್ಪನೇ ಹಚ್ಚುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಇಂದ್ರಮ್ಮ ಬೆಂಕಿಪೊಟ್ಟಣವನ್ನು ಯಾರ ಕೈಗೂ ಕೊಟ್ಟವಳಲ್ಲ.

ಆರಕ್ಕೆ ಹತ್ತು ನಿಮಿಷವಿದ್ದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಭೀಮರಾಜು ಬಂದ.

"ಅಮ್ಮಾ, ಮೊಂಬತ್ತಿ ತಪ್ಪು ತಂದ್ಬುಟ್ಟೆ."

"ಅದನ್ನ ಹೇಳಾಕೆ ಬಂದ್ಯೇನಪ್ಪ?"

"ಇಲ್ಲ. ಆಶಾನ ನಂಗೆ ಕೊಡ್ತೀರಾ ಅಂತ ಕೇಳಕ್ಕೆ ಬಂದೆ."

ಇಂದ್ರಮ್ಮ ಅವನನ್ನು ನೋಡಿದಳು, ಸೆರಗಿನ ತುದಿ ಹಿಂಡುತ್ತಿದ್ದ ಮಗಳನ್ನು ನೋಡಿದಳು.

"ಆಗಮನ ಕಾಲದಾಗೆ ನಮ್ಮಲ್ಲಿ ಮದ್ವೆ ಮಾಡಲ್ಲ, ಗೊತ್ತಾ?"

"ಗೊತ್ತಮ್ಮ. ಕಾಯ್ತೀನಿ."

ಇಂದ್ರಮ್ಮ ಬೆಂಕಿಪೊಟ್ಟಣವನ್ನು ಅವನ ಮುಂದೆ ಚಾಚಿದಳು.

"ಹಚ್ಚಪ್ಪ. ನೇರಳೇದು ಮೊದ್ಲು. ಈ ಸಲನಾದ್ರೂ ಬಣ್ಣ ನೋಡಿ ಹಚ್ಚು."

ಗೀಚುವ ಅವಸರಕ್ಕೆ ಎರಡು ಕಡ್ಡಿ ಮುರಿದವು. ಆಶಾರಾಣಿ ಅವನ ಮಣಿಕಟ್ಟು ಹಿಡಿದಳು. ಮೂರನೆಯದು ಹೊತ್ತಿತು.

ಹೊರಗೆ ಅಂಗಳದಲ್ಲಿ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು: "ತಪ್ಪು ತಿಳ್ಕೋಬೇಡಿ ಕಣಮ್ಮ. ನಮ್ ಹುಡುಗಿಗೆ ಇಲ್ಲೇ ಕುದುರೈತೆ."