ಹಾಲ್ಡನ್ ಸಹಿ ಹಾಕಿದ ಮಣ್ಣು

ಶೈಲಜಾಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಣ್ಣಿನ ಫಲಕ. ಅದಿದ್ದದ್ದು ಉತ್ತರ ಕೆರೊಲಿನಾದ ಬೆಟ್ಟದ ಗವಿಯಲ್ಲಿ. ಮರುದಿನವೇ, 1996ರ ಏಪ್ರಿಲಿನ ಆ ಭಾನುವಾರ, ವಾಷಿಂಗ್ಟನ್ನಿನಲ್ಲಿ ಪ್ರೊಫೆಸರ್ ಹಾಲ್ಡನ್‌ಗೆ ಸನ್ಮಾನ.

ಈಗಿನ ಟರ್ಕಿಯಲ್ಲಿದ್ದ ಪ್ರಾಚೀನ ಹಿಟ್ಟೈಟ್ ಸಾಮ್ರಾಜ್ಯದ ಏಳುಬೀಳಿನ ಅಭ್ಯಾಸದಲ್ಲೇ ಅವಳ ಗಂಡ ಗುರುಶಾಂತಪ್ಪ ಹದಿನೈದು ವರ್ಷ ಸವೆಸಿದ್ದರು. ಈಜಿಪ್ಟಿನ ಫೇರೋಗೇ ಎದೆಯೊಡ್ಡಿದ ಆ ರಾಜ್ಯದ ರಾಜಧಾನಿ ಹತ್ತುಸಾ ಬೆಂಕಿಗೆ ಬೀಳುವ ಮೊದಲೇ ಅರಸರು ದೇವರುಗಳನ್ನು ಹೊತ್ತುಕೊಂಡು ಊರು ಬಿಟ್ಟಿದ್ದರು ಎಂಬುದು ಅವರ ವಾದ. ಅವರು ತೀರಿಕೊಂಡ ವರ್ಷವೇ ಗೆಳೆಯ ಹಾಲ್ಡನ್ ಅದನ್ನು ತನ್ನದೆಂದು ಅಚ್ಚು ಹಾಕಿಸಿದ.

ಹಿಟ್ಟೈಟರು ಒಪ್ಪಂದಕ್ಕೆ ದೇವರನ್ನು ಸಾಕ್ಷಿಗೆ ಕರೆಯುತ್ತಿದ್ದರು. ಗುರುಶಾಂತಪ್ಪ ಹಾಲ್ಡನ್ನನನ್ನು ಕರೆದಿದ್ದರು! ತಮ್ಮ ವಾದವನ್ನು ಆರು ಹಸಿ ಫಲಕಗಳ ಮೇಲೆ ಗೀರಿ, ತಾರೀಖು ಹಾಕಿ, ಅವನಿಂದ ಸಹಿ ಮಾಡಿಸಿ, ತೇವದಲ್ಲಿ ಮಣ್ಣು ಎಷ್ಟು ಬಾಳುತ್ತದೆಂದು ನೋಡಲು ಈ ಗವಿಯಲ್ಲಿ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದರು.

ಶೈಲಜಾಳ ತಮ್ಮ ಬಸವಂತಪ್ಪ ವಾಷಿಂಗ್ಟನ್ ಪಕ್ಕದ ರೆಸ್ಟನ್ನಿನಿಂದ ಕಾರು ಓಡಿಸಿಕೊಂಡು ಬಂದಿದ್ದ. ಈಗ ಹಗ್ಗ ಹಿಡಿದು ಗವಿಯ ಬಾಯಲ್ಲಿ ನಿಂತಿದ್ದ. ಹೊರಗೆ ಡಾಗ್‌ವುಡ್ ಮರ ಬಿಳಿಯಾಗಿ ಅರಳಿತ್ತು. ಕಣಿವೆಯ ಮೇಲೆ ಮೋಡ ಸದ್ದಿಲ್ಲದೆ ಇಳಿಯುತ್ತಿತ್ತು. ಒಳಗೆ ಸುಣ್ಣಕಲ್ಲಿನ ಇಕ್ಕಟ್ಟಿನಲ್ಲಿ ಅವಳು ತೆವಳುತ್ತಿದ್ದಳು.

"ಅಕ್ಕಾ, ಮಳಿ ಶುರು ಆತು! ರಿಟರ್ನ್ ಬಾ!"

"ಆ ಕಳ್ಳನ ಮಾರಿ ಮ್ಯಾಲೆ ಒಗೀಲಿಕ್ಕೆ ಒಂದರೆ ಸಿಗಲಿ, ಬರ್ತೀನಿ!"

"ಒಗೀಬ್ಯಾಡ, ಒಡೀತದ!"

ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆರೆದಳು. ಒಳಗೆ ಬರೀ ಕೆಸರು!

ಹಲ್ಲು ಕಚ್ಚಿ ಮೊಣಕೈವರೆಗೆ ಕೈ ಇಳಿಸಿದಳು. ತಳದಲ್ಲಿ ಏನೋ ಗಟ್ಟಿ. ಹೋಲಿಸಿ ನೋಡಲೆಂದು ಗಂಡ ಆರರಲ್ಲಿ ಒಂದನ್ನು ಮಾತ್ರ ಸುಟ್ಟಿದ್ದರು. ಊರನ್ನು ನುಂಗುವ ಬೆಂಕಿಯೇ ಮಣ್ಣಿನ ಬರಹವನ್ನು ಕಾಯುತ್ತದೆ ಎನ್ನುತ್ತಿದ್ದರು, ಪುಣ್ಯಾತ್ಮರು.

ನೀರು ನುಗ್ಗಿತು. ಮೊಣಕಾಲು. ಸೊಂಟ. ಎದೆ.

"ಎರಡೂ ಕೈಲೆ ಹಗ್ಗ ಹಿಡಿ! ಅದನ್ನ ಬಿಡು!"

ಬಿಡಲಿಲ್ಲ. ದುಪಟ್ಟಾದಲ್ಲಿ ಫಲಕ ಸುತ್ತಿ, ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಹಗ್ಗ ಹಿಡಿದಳು. ಬಂಡೆ ಭುಜ ಸೀಳಿತು. ತಮ್ಮ ಎಳೆದ, ಅವಳು ಒದ್ದಳು, ಇಬ್ಬರೂ ಹುಲ್ಲಿನ ಮೇಲೆ ಬಿದ್ದರು.

ಮಳೆ ಕೆಸರು ತೊಳೆಯಿತು. ವಾದ, 1991ರ ತಾರೀಖು, ಕೆಳಗೆ ಹಾಲ್ಡನ್ನನ ಸಹಿ.

"ಗಟ್ಟಿ ಹೆಣ್ಣುಮಗಳವ್ವಾ ನೀ," ಎಂದು ಏದುಸಿರಿನಲ್ಲೇ ನಕ್ಕ ಬಸವಂತಪ್ಪ. "ವಾಷಿಂಗ್ಟನ್ ಮುಟ್ಟಿದ ಕೂಡ್ಲೆ ಮೊದಲ ಲ್ಯಾನ್‌ಹ್ಯಾಮ್ ಗುಡಿಗೆ ಹೋಗಿ ಕಾಯಿ ಒಡಸೋಣೇನು?"

ಶೈಲಜಾ ಕಾರು ಹತ್ತಿ, ಫಲಕವನ್ನು ಮಡಿಲಲ್ಲಿಟ್ಟು ಸೀಟ್ ಬೆಲ್ಟ್ ಹಾಕಿಕೊಂಡಳು.

"ದೇವರು ಕಾಯ್ತಾನೋ ತಮ್ಮಾ. ಹಾಲ್ಡನ್ನನ ಭಾಷಣ ನಾಳಿ ಮುಂಜಾನೆ ಹತ್ತಕ್ಕ ಶುರು."