ಸಾಯದ ಕೋಶಗಳು

"ನಮ್ಮಮ್ಮನ ಎಲೆ ಕಲಬೆರಕೆ ಅಂತ ಬರೆದವರು ನೀವೇನಾ?"

ಪ್ರಯೋಗಾಲಯದ ಬಾಗಿಲಲ್ಲಿ ನಿಂತವನ ಕೈಯಲ್ಲಿ ಸಂಶೋಧಕಿಯಾದ ಅವಳೇ ಬರೆದ ಪತ್ರವಿತ್ತು. ಆರು ತಿಂಗಳಿಂದ ಫೋನಿನಲ್ಲಿ ಕೇಳಿ ಕೇಳಿ ಅವಳು ಮನಸೋತಿದ್ದ ದನಿ... ಮುಖ ನೋಡಿದ್ದು ಇದೇ ಮೊದಲು!

ಈ ಭೇಟಿಯನ್ನು ಅವಳು ಎಷ್ಟು ಸಲ ಊಹಿಸಿಕೊಂಡಿದ್ದಳೋ. ಯಾವ ಊಹೆಯಲ್ಲೂ ಅವನು ಹೀಗೆ ಕೆಂಡ ಕಾರಿರಲಿಲ್ಲ.

ಅವನು ಮೂಲಿಕೆ ಅಂಗಡಿಯವನು. ಅವನ ತಾಯಿ ನಲವತ್ತು ವರ್ಷದಿಂದ ಗಡ್ಡೆಗಳಿಗೆ ಕೊಡುತ್ತಿದ್ದ ಒಂದು ಬಳ್ಳಿಯ ಎಲೆ ನಿಜಕ್ಕೂ ಕ್ಯಾನ್ಸರ್ ತಡೆಯುತ್ತದೆಯೇ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಯೇ ಎಂದು ಪರೀಕ್ಷಿಸುವುದು ಇವಳ ಕೆಲಸ. ಮೊದಲ ಚೀಲದ ಎಲೆಗೆ ಪ್ರಯೋಗದ ಗಾಜಿನ ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳೆಲ್ಲ ಸತ್ತಿದ್ದವು. ಎರಡನೆಯ ಚೀಲಕ್ಕೆ ಒಂದೂ ಸಾಯಲಿಲ್ಲ!

"ಎರಡನೇ ಸಲ ಬೇರೆ ಎಲೆ ಬಂದಿದೆ," ಎಂದಳು ಬಿಗಿಯಾಗಿ. "ಇಲ್ಲಾಂದ್ರೆ ಫಲಿತಾಂಶ ಹೇಗ್ರೀ ತಲೆಕೆಳಗಾಗುತ್ತೆ?"

"ಅದೇ ಬಳ್ಳಿ ಮೇಡಂ, ನಾನೇ ಕಿತ್ತಿದ್ದು." "ಈಗ ಅದು ಸುಳ್ಳಾದ್ರೆ ನಮ್ಮಮ್ಮನ ಗತಿ ಏನು?"

"ಅಂದ್ರೆ?"

"ಅಮ್ಮನ ಎದೆಯಲ್ಲೇ ಗಡ್ಡೆ ಇದೆ. ಆಪರೇಷನ್‌ಗೆ ದಿನಾನೂ ಗೊತ್ತಾಗಿತ್ತು. ನೀವು ಫೋನಲ್ಲಿ 'ಎಲ್ಲಾ ಸತ್ತುಹೋದ್ವು' ಅಂತ ಕೂಗಿದ್ರಲ್ಲ... ಅವತ್ತೇ ಆಸ್ಪತ್ರೆ ಬೇಡ ಅಂದ್ಬಿಟ್ಟಳು. ಇಪ್ಪತ್ತು ದಿನದಿಂದ ಬರೀ ಕಷಾಯ!"

ಅವಳು ತಟ್ಟನೆ ಪ್ರಯೋಗದ ಪುಸ್ತಕ ತೆರೆದಳು.

ಮೊದಲ ಸಲ ಎಲೆಯ ಸಾರವನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದಳು. ಹೋಲಿಕೆಗೆಂದು ಎಲೆಯ ಸಾರವಿಲ್ಲದೆ ಇಟ್ಟ ತಟ್ಟೆಗೂ ಅಷ್ಟೇ ಸ್ಪಿರಿಟ್ ಹಾಕಬೇಕಿತ್ತು. ಅಲ್ಲಿ ಬರೆದಿದ್ದುದು: ನೀರು. ಎರಡನೆಯ ಸಲ ಸ್ಪಿರಿಟ್ ಪೂರ್ತಿ ಆವಿಯಾಗಿ ಹೋಗಲು ಬಿಟ್ಟಿದ್ದಳು.

ಅಯ್ಯೋ ದೇವರೇ... ಕೋಶಗಳನ್ನು ಕೊಂದದ್ದು ಎಲೆಯಲ್ಲ, ಸ್ಪಿರಿಟ್!

ಪುಸ್ತಕ ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಅದನ್ನು ಅವನ ಮುಂದೆ ಹಿಡಿದಳು.

"ನಿಮ್ಮ ಎಲೆ ಕಲಬೆರಕೆ ಅಲ್ಲ. ತಪ್ಪಿದ್ದು ನಾನು," ಎಂದು ಎಲ್ಲವನ್ನೂ ಹೇಳಿದಳು.

ಅವನು ಕುರ್ಚಿಯಲ್ಲಿ ಕುಳಿತು ಆ ಸಾಲನ್ನು ಮತ್ತೆ ಮತ್ತೆ ಓದಿದ.

"ಅಮ್ಮನ ಹತ್ರ ಕರ್ಕೊಂಡು ಹೋಗಿ. ಈಗಲೇ!" ಎಂದಳು ಅವಳು.

ತಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲೆ ಹರಡುತ್ತಿದ್ದಳು. ಹುಡುಗಿ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕದ ಮೇಲಿಂದ ದುರುಗುಟ್ಟಿ ನೋಡಿದಳು.

"ಹಾಗಾದ್ರೆ ನನ್ನ ಎಲೆ ದಂಡಾನಾ?"

"ರೋಗನಿರೋಧಕ ಕೋಶಗಳು ಸ್ವಲ್ಪ ಚುರುಕಾದ್ವು. ಅದೂ ತಟ್ಟೆಯಲ್ಲಮ್ಮ, ಮೈಯಲ್ಲಲ್ಲ. ಈ ಗಡ್ಡೆಗೆ ಅದನ್ನ ನಂಬ್ಕೊಂಡು ಕೂರಬೇಡಿ..." ಎನ್ನುತ್ತ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡ ಕಣೇ. ಎಷ್ಟೋ ಓದಿದವರು ಬಂದ್ರು, ಎಲೆ ತಗೊಂಡು ಹೋದ್ರು. ನಾನು ತಪ್ಪಿದೆ ಅಂತ ಹೇಳೋಕೆ ಬಂದವಳು ನೀನೊಬ್ಬಳೇ. ನಿನ್ನ ಮಾತು ಕೇಳ್ತೀನಿ." ಆಮೇಲೆ ಮಗನತ್ತ ತಿರುಗಿದಳು. "ಏನೋ ಹಾಗೆ ಬಾಯಿ ಬಿಟ್ಕೊಂಡು ನಿಂತಿದೀಯ? ಆಸ್ಪತ್ರೆಗೆ ಫೋನ್ ಮಾಡು!"

ಒಂಬತ್ತನೆಯ ದಿನ ಆಪರೇಷನ್ ಆಯಿತು. ಗಡ್ಡೆ ತೆಗೆದಾಗಿದೆ, ಇನ್ನೂ ಚಿಕಿತ್ಸೆ ಬೇಕು, ಆದರೆ ಕೈ ಮೀರಿಲ್ಲ ಎಂದರು ವೈದ್ಯರು. ಅವನು ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವಳು ಹೆದರುತ್ತಲೇ ಅವನ ಹೆಗಲ ಮೇಲೆ ಕೈಯಿಟ್ಟಳು.

"ನನ್ನ ಮೇಲೆ ಇನ್ನೂ ಕೋಪ ಇದೆಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ... ನೀವು ಹೊರಟುಹೋದ್ರೆ ಮಾತ್ರ ಇನ್ನೂ ಜಾಸ್ತಿ ಆಗುತ್ತೆ."

"ನಾನೆಲ್ಲಿಗೂ ಹೋಗಲ್ಲ. ನೀವಂದ್ರೆ ನನಗೆ ಪ್ರಾಣ. ಕೋಪ ಇಟ್ಕೊಂಡೇ ಇರಿ, ಪರವಾಗಿಲ್ಲ."

ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದ.

"ಬಾ. ಅಮ್ಮ ಕಣ್ಣು ಬಿಟ್ಟಾಗ ಇಬ್ಬರೂ ಇರೋಣ."